ಸೆಕ್ಯುರಿಟಿ ಚೆಕ್‌ಗೆ ಯಾವ ಬ್ಯಾಗ್? ಮೂರೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬೆನ್ನಿನ ಕಡೆ ಲ್ಯಾಪ್‌ಟಾಪ್‌ಗೇ ಬೇರೆ ಜಿಪ್ ಇರುವ ಬ್ಯಾಕ್‌ಪ್ಯಾಕ್‌ಗೆ. ಅದನ್ನು ಕೊಂಡ ಮೇಲೆ ಏರ್‌ಪೋರ್ಟಿನ ಅರ್ಧ ತಲೆನೋವು ಹೋಯಿತು. ಅದಕ್ಕೂ ಮುಂಚೆ ಗಟ್ಟಿ ಚಿಪ್ಪಿನ ಕ್ಯಾಬಿನ್ ಟ್ರಾಲಿ ಬಳಸುತ್ತಿದ್ದೆ, ಕೆಲವು ಸಲ ಮೇಲಿನಿಂದ ತೆರೆಯುವ ಹಳೇ ಕಾಲೇಜು ಬ್ಯಾಗು. ವಿಮಾನದೊಳಗೆ ಕೈಯಲ್ಲಿ ಒಯ್ಯಲು ಬಿಡುವ 7 ಕೆಜಿ ಮೂರರಲ್ಲೂ ಹಿಡಿಯುತ್ತದೆ, ಆ ಲೆಕ್ಕ ಬೇಡ.

ಟ್ರಾಲಿ ಎಳೆದುಕೊಂಡು ಹೋಗಲು ಸುಖ. ಆದರೆ ಆ ಸುಖ ಎಕ್ಸ್‌ರೇ ಬೆಲ್ಟಿನವರೆಗೆ ಮಾತ್ರ. ನಮ್ಮಲ್ಲಿ ಹೆಚ್ಚಿನ ಕಡೆ ಈಗಲೂ ಲ್ಯಾಪ್‌ಟಾಪ್, ಚಾರ್ಜರ್, ಪವರ್ ಬ್ಯಾಂಕ್ ಹೊರಗೆ ತೆಗೆದು ಟ್ರೇನಲ್ಲಿ ಇಡಬೇಕು. ಟ್ರಾಲಿಯಿಂದ ಲ್ಯಾಪ್‌ಟಾಪ್ ತೆಗೆಯಬೇಕೆಂದರೆ ಅದನ್ನು ಮಲಗಿಸಿ, ಸುತ್ತಲೂ ಜಿಪ್ ಬಿಚ್ಚಿ, ಪುಸ್ತಕದ ಹಾಗೆ ಎರಡು ಹೋಳು ಹರಡಬೇಕು. ಟ್ರೇ ಇಡುವ ಕಡೆ ಅಷ್ಟು ಜಾಗ ಎಲ್ಲಿರುತ್ತದೆ? ಕೊನೆಗೆ ನೆಲವೇ ಗತಿ.

ಒಂದು ಬೆಳಗಿನ ಜಾವ ಹೀಗೇ ಕುಕ್ಕರಗಾಲಲ್ಲಿ ಕೂತು ಬಿಚ್ಚಿದೆ. ಹಿಂದಿನವರು ಟ್ರೇ ಹಿಡಿದು ಮೈಮೇಲೇ ಬರುತ್ತಿದ್ದರು. ಒಳಗಿನ ಬಟ್ಟೆ, ಟವೆಲ್ಲು ಎಲ್ಲ ಸಾಲಿನವರ ಕಣ್ಣಿಗೆ. ಮುಚ್ಚುವಾಗ ಪಂಚೆಯ ಅಂಚು ಜಿಪ್‌ಗೆ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅಷ್ಟರಲ್ಲಿ ನನ್ನ ಮೊಬೈಲು, ಪರ್ಸು ಇದ್ದ ಟ್ರೇ ಆಚೆ ಕಡೆ ಹೋಗಿ ಕಾಯುತ್ತಿತ್ತು, ನಾನಿನ್ನೂ ಈಚೆ. ಆ ಗಾಬರಿ ಯಾರಿಗೂ ಬೇಡ.

ಹಳೇ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಬೇಗ ಬರುತ್ತದೆ. ತೊಂದರೆ ಕೊಡುವುದು ತಳದಲ್ಲಿ ಸೇರಿಕೊಳ್ಳುವ ವೈರುಗಳು. ಎಕ್ಸ್‌ರೇ ಪರದೆಯಲ್ಲಿ ಬಟ್ಟೆ, ತಿಂಡಿಯಂಥವು ಕಿತ್ತಳೆ ಬಣ್ಣಕ್ಕೆ ಕಾಣುತ್ತವೆ, ಲೋಹ ನೀಲಿಗೆ. ಅಡಾಪ್ಟರ್, ಕೇಬಲ್, ಚಿಲ್ಲರೆ ಒಂದರ ಮೇಲೊಂದು ಬಿದ್ದರೆ ಬರೀ ಕಪ್ಪು ಮುದ್ದೆ. ಕೆಳಗೇನಿದೆ ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ. ಬ್ಯಾಗು ಪಕ್ಕದ ಸಾಲಿಗೆ ಹೋಗುತ್ತದೆ, ಎಲ್ಲ ತೆಗೆದು ತೋರಿಸಬೇಕು, ಇನ್ನೊಮ್ಮೆ ಬೆಲ್ಟಿಗೆ. ಸಿಬ್ಬಂದಿಯನ್ನು ದೂರಿ ಫಲವಿಲ್ಲ, ಅವರ ಕೆಲಸವೇ ಅದು.

ಹೊಸ ಬ್ಯಾಗಿನಲ್ಲಿ ಸಾಲಿನಲ್ಲಿ ನಿಂತೇ ಒಂದು ಜಿಪ್ ಎಳೆದರೆ ಲ್ಯಾಪ್‌ಟಾಪ್ ಕೈಗೆ. ಬಟ್ಟೆ ಅಲುಗುವುದೂ ಇಲ್ಲ. ಮುಂದಿನ ಖಾನೆಯಲ್ಲಿ ಒಂದು ಪೌಚ್, ಅದರಲ್ಲಿ ಎಲ್ಲ ವೈರು ಮತ್ತು ಪವರ್ ಬ್ಯಾಂಕ್. ಪೌಚ್ ಹಾಗೇ ಟ್ರೇಗೆ. (ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ನನ್ನದು 20,000 ಎಂಎಎಚ್, ಅಂದರೆ ಸುಮಾರು 74 ವ್ಯಾಟ್-ಅವರ್. ಅನುಮತಿ ಕೇಳದೆ ಕ್ಯಾಬಿನ್ನಿಗೆ ಒಯ್ಯಲು ಮಿತಿ 100 ವ್ಯಾಟ್-ಅವರ್.)

ಕೊರತೆ? ಬೆನ್ನು ಬೆವರುತ್ತದೆ. ಹೆಗಲಿಗೆ ಭಾರ.

ಡಿಜಿ ಯಾತ್ರಾ ಇದ್ದರೆ ಇದೆಲ್ಲ ಬೇಕಾ ಅಂತ ಗೆಳೆಯರು ಕೇಳುತ್ತಾರೆ. 2022ರ ಡಿಸೆಂಬರಿನಲ್ಲಿ ಬೆಂಗಳೂರು, ದೆಹಲಿ, ವಾರಣಾಸಿಯಲ್ಲಿ ಶುರುವಾದ ಆ ವ್ಯವಸ್ಥೆ ಮುಖ ನೋಡಿ ಬಾಗಿಲು ತೆರೆಯುತ್ತದೆ. ಅದು ನನಗೂ ಇಷ್ಟವೇ. ಟ್ರೇ ತುಂಬುವ ಕೆಲಸ ಮಾತ್ರ ನಮಗೇ ಉಳಿಯುತ್ತದೆ ಅಲ್ವಾ? ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ಏರ್‌ಪೋರ್ಟಿನಲ್ಲಿ ಬ್ಯಾಗಿನ ಒಳಗನ್ನು ಎಲ್ಲ ಕಡೆಯಿಂದ ತೋರಿಸುವ ಸಿ.ಟಿ. ಸ್ಕ್ಯಾನರ್ (ಆಸ್ಪತ್ರೆಯಲ್ಲಿರುವಂಥದ್ದು) ಇರುವುದರಿಂದ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಬಿಡಬಹುದು. ಅಂಥ ಕಡೆಗೇ ಜಾಸ್ತಿ ಓಡಾಡುವವರಿಗೆ ಟ್ರಾಲಿಯೇ ಸಾಕು.

ನನ್ನದು ಆಫೀಸಿನ ಕೆಲಸಕ್ಕೆ ಒಂದೆರಡು ದಿನದ ಓಡಾಟ, ಲ್ಯಾಪ್‌ಟಾಪ್ ಬಿಟ್ಟು ಹೋಗುವ ಹಾಗಿಲ್ಲ. ಎರಡು ಸಾವಿರದೊಳಗೆ ಸಿಕ್ಕ ಈ ಬ್ಯಾಗು ನನಗೆ ಸರಿಯಾಗಿದೆ. ಟ್ರಾಲಿಯನ್ನು ಅಮ್ಮನಿಗೆ ಕೊಟ್ಟೆ. ಅವರಿಗೆ ಹೆಗಲು ನೋವು, ಲ್ಯಾಪ್‌ಟಾಪ್ ಗೊಡವೆ ಇಲ್ಲ. ಅವರ ಉಪ್ಪಿನಕಾಯಿ ಡಬ್ಬಿಯನ್ನು ಮಾತ್ರ ಚೆಕ್-ಇನ್ ಲಗೇಜಿಗೇ ಹಾಕಿಸುತ್ತೇನೆ.