ಕೋವಿಡ್ ಐಸೋಲೇಶನ್‌ನಲ್ಲಿರುವ ಶುಗರ್ ರೋಗಿಗೆ ಲಿಬ್ರೆ ಸೆನ್ಸರ್: ದೂರದಿಂದ ನೋಡುವವರು ಎಷ್ಟು ನಂಬಬಹುದು?

2020ರ ಮಾರ್ಚ್ 25, ಲಾಕ್‌ಡೌನ್ ಶುರುವಾದ ದಿನವೇ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಬಂತು. ಫೋನಿನಲ್ಲೇ ರೋಗಿಯನ್ನು ವಿಚಾರಿಸಿ ಔಷಧ ಬರೆಯಲು ದಾರಿಯಾಯಿತು. ಆದರೆ ಸಕ್ಕರೆ ಕಾಯಿಲೆಯಲ್ಲಿ ಮಾತಿಗಿಂತ ಅಂಕಿ ಮುಖ್ಯ. "ಬೆಳಿಗ್ಗೆ ಬರಿಹೊಟ್ಟೇಲಿ 130 ಇತ್ತು ಡಾಕ್ಟ್ರೇ" ಅಂದರೆ ಅಷ್ಟರಿಂದಲೇ ಎಷ್ಟು ಯೂನಿಟ್ ಇನ್ಸುಲಿನ್ ಬೇಕೆಂದು ಯಾವ ವೈದ್ಯರೂ ಹೇಳಲಾರರು. ರಟ್ಟೆಗೆ ಅಂಟಿಕೊಂಡು ದಿನವಿಡೀ ಶುಗರ್ ಅಳೆಯುವ ಅಬಾಟ್ ಕಂಪನಿಯ ಸೆನ್ಸರ್ ಲಿಬ್ರೆ ಪ್ರೊ ನಮ್ಮಲ್ಲಿ 2015ರಿಂದಲೇ ಇತ್ತು, ನಿಜ. ಆದರೆ ಅದರ ಅಂಕಿ ರೋಗಿಗೆ ಕಾಣುವುದಿಲ್ಲ, ಓದಿಸಲು ಕ್ಲಿನಿಕ್ಕಿಗೇ ಹೋಗಬೇಕು. ಮನೆಯಲ್ಲೇ ನೋಡಿಕೊಳ್ಳಬಹುದಾದ ಫ್ರೀಸ್ಟೈಲ್ ಲಿಬ್ರೆ ಬಂದದ್ದು 2020ರ ಕೊನೆಗೆ. ಇಲ್ಲಿ ಹೇಳುತ್ತಿರುವುದು ಆ ಮೊದಲ ತಲೆಮಾರಿನ ಸೆನ್ಸರ್ ಬಗ್ಗೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಾ, ಹೊಸದಾಗಿ ಇನ್ಸುಲಿನ್ ಶುರುಮಾಡಿ, ಒಂದೇ ಕೋಣೆಯಲ್ಲಿರುವ ರೋಗಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು. ಬರೀ ಮೆಟ್‌ಫಾರ್ಮಿನ್‌ನಲ್ಲಿ ಶುಗರ್ ಹತೋಟಿಯಲ್ಲಿದ್ದರೆ ಬೇಡ. ಮಾರುಕಟ್ಟೆಗೆ ಬಂದಾಗ ಒಂದು ಸೆನ್ಸರಿಗೆ ಸುಮಾರು ಐದು ಸಾವಿರ ರೂಪಾಯಿ ಇತ್ತು, ಅದು ನಡೆಯುವುದು 14 ದಿನ. ಅದೇ ದುಡ್ಡಿಗೆ ಗ್ಲುಕೋಮೀಟರಿನ ಇನ್ನೂರರಷ್ಟು ಸ್ಟ್ರಿಪ್ ಬರುತ್ತಿದ್ದವು. ರಾತ್ರಿ ಶುಗರ್ ಇಳಿಯುವ ಅಭ್ಯಾಸವಿದ್ದು ಒಬ್ಬರೇ ಮಲಗುವವರಂತೂ ಇದೊಂದನ್ನೇ ನೆಚ್ಚಬಾರದು, ಏಕೆಂದರೆ ಇದರಲ್ಲಿ ಅಲಾರಂ ಇಲ್ಲ. ಶುಗರ್ 45ಕ್ಕೆ ಇಳಿದರೂ ಯಾರಾದರೂ ಫೋನನ್ನು ಅದರ ಹತ್ತಿರ ಹಿಡಿದು ಸ್ಕ್ಯಾನ್ ಮಾಡುವ ತನಕ ಅದು ಸುಮ್ಮನಿರುತ್ತದೆ.

ಸೆನ್ಸರ್ ಅಂದರೆ 35 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಬಿಳಿ ಬಿಲ್ಲೆ. ರಟ್ಟೆಯ ಹಿಂಬದಿಗೆ ಅಂಟಿಕೊಳ್ಳುತ್ತದೆ. ಅದರ ಅಡಿಯ ಎಳೆಯಂಥ ತಂತು ಚರ್ಮದೊಳಗೆ ಸುಮಾರು 5 ಮಿ.ಮೀ. ಇಳಿದು, ರಕ್ತದ ಬದಲು ಜೀವಕೋಶಗಳ ನಡುವಿನ ದ್ರವದ ಗ್ಲೂಕೋಸ್ ಅಳೆಯುತ್ತದೆ. ಹಾಕುವ ಮುಂಚೆ ಎಣ್ಣೆಯಂಶವಿಲ್ಲದ ಸೋಪಿನಿಂದ ತೊಳೆದು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಮೂರೇ ದಿನಕ್ಕೆ ಬಿಲ್ಲೆ ಕಳಚಿಬಂತು ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ತೆಂಗಿನೆಣ್ಣೆ ಹಚ್ಚಿದ ಚರ್ಮ ಅಥವಾ ಒಣಗದ ಸ್ಪಿರಿಟ್. ಮಂಗಳೂರು, ಕಾರವಾರದ ಕಡೆ ಬೆವರಿಗೆ ಅಂಚು ಏಳುವುದುಂಟು. ಸುತ್ತ ಮೈಕ್ರೋಪೋರ್ ಟೇಪ್ ಹಾಕಬಹುದು, ಆದರೆ ಬಿಲ್ಲೆಯ ನಡುವಿನ ಸಣ್ಣ ತೂತು ಮುಚ್ಚಬಾರದು. ಎದೆಯ ಸಿಟಿ ಸ್ಕ್ಯಾನ್ ಆಗಬೇಕಿದ್ದರೆ ಮೊದಲು ಅದನ್ನು ಮುಗಿಸಿ. ಸಿಟಿ, ಎಂಆರ್‌ಐ, ಎಕ್ಸ್‌ರೇಗೆ ಮುಂಚೆ ಸೆನ್ಸರ್ ಕಿತ್ತು ತೆಗೆಯಬೇಕೆನ್ನುವುದು ಕಂಪನಿಯ ಸೂಚನೆ. ಒಮ್ಮೆ ಕಿತ್ತದ್ದನ್ನು ಮತ್ತೆ ಹಾಕಲಾಗದು.

ಹಾಕಿದ ಮೇಲೆ ಮೊದಲ 60 ನಿಮಿಷ ಅಂಕಿ ಬರುವುದಿಲ್ಲ. ರೀಡರ್ (ಸೆನ್ಸರಿನ ಅಂಕಿ ಓದುವ ಕಂಪನಿಯದೇ ಪುಟ್ಟ ಸಾಧನ), ಫೋನ್ ಎರಡನ್ನೂ ಬಳಸುವುದಾದರೆ ಮೊದಲು ರೀಡರಿನಿಂದ ಶುರುಮಾಡಿ, ಆ ಒಂದು ಗಂಟೆಯೊಳಗೆ ಫೋನಿನಲ್ಲೂ ಸ್ಕ್ಯಾನ್ ಮಾಡಿ. ಫೋನಿನಿಂದ ಶುರುಮಾಡಿದರೆ ರೀಡರ್ ಆ ಸೆನ್ಸರನ್ನು ಓದುವುದಿಲ್ಲ. ಕೊಳ್ಳುವ ಮುಂಚೆ ಫೋನಿನಲ್ಲಿ ಎನ್‌ಎಫ್‌ಸಿ, ಅಂದರೆ ಹತ್ತಿರ ಹಿಡಿದರೆ ಸೆನ್ಸರನ್ನು ಓದುವ ಸೌಲಭ್ಯ, ಇದೆಯೇ ನೋಡಿಕೊಳ್ಳಿ. ಕಡಿಮೆ ಬೆಲೆಯ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದಿಲ್ಲ, ಆಗ ರೀಡರಿಗೂ ದುಡ್ಡು ಹಾಕಬೇಕು. ರೀಡರಿನ ಅಂಕಿ ತಾನಾಗಿ ವೈದ್ಯರಿಗೆ ಹೋಗುವುದಿಲ್ಲ. ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ, ವೈದ್ಯರು ನೋಡುವ ಕಂಪನಿಯ ಜಾಲತಾಣ ಲಿಬ್ರೆವ್ಯೂಗೆ ಏರಿಸಬೇಕು. ಜ್ವರ ಬಂದು ಮಲಗಿದವರು ಇದನ್ನು ಮಾಡುತ್ತಾರೆಂದು ನಂಬುವುದು ಕಷ್ಟ. ದೂರದಿಂದ ನೋಡಿಕೊಳ್ಳುವುದೇ ಉದ್ದೇಶವಾದರೆ ಫೋನೇ ಸರಿ.

ಇನ್ನು ಈ ಸಾಧನದ ನಿಜವಾದ ಮಿತಿ: ಎಂಟು ಗಂಟೆ. ಸೆನ್ಸರಿನ ನೆನಪು ಅಷ್ಟೇ. ರಾತ್ರಿ 9ಕ್ಕೆ ಸ್ಕ್ಯಾನ್ ಮಾಡಿ ಮಲಗಿದವರು ಬೆಳಿಗ್ಗೆ 7ಕ್ಕೆ ಮಾಡಿದರೆ 9ರಿಂದ 11ರವರೆಗಿನ ಶುಗರ್ ಏರಿಳಿತದ ಗೆರೆ ಅಳಿಸಿಹೋಗಿರುತ್ತದೆ. ಊಟದ ನಂತರದ ಏರಿಕೆ ಇರುವುದು ಆ ಎರಡು ಗಂಟೆಯಲ್ಲೇ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಅಲಾರಂ ಇಟ್ಟುಕೊಂಡರೆ ಕನಿಷ್ಠ ಸಾಲುತ್ತದೆ. ಪ್ರತಿ ಊಟಕ್ಕೆ ಮುಂಚೆ ಮತ್ತು ಎರಡು ಗಂಟೆ ಬಿಟ್ಟು ಮಾಡಿದರೆ ಇನ್ನೂ ಒಳ್ಳೆಯದು. ಲಿಬ್ರೆಲಿಂಕಪ್ ಆ್ಯಪ್ ಹಾಕಿಕೊಂಡರೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗಳಿಗೆ ಹಾಸನದ ಅಪ್ಪನ ಅಂಕಿ ಕಾಣುತ್ತದೆ, ಆದರೆ ಅಪ್ಪ ಸ್ಕ್ಯಾನ್ ಮಾಡಿದಾಗ ಮಾತ್ರ. ಹಾಗೆ ನೋಡುವವರು, ಅಪ್ಪ ಸ್ಕ್ಯಾನ್ ಮಾಡಲು ಬಳಸುವ ಲಿಬ್ರೆಲಿಂಕ್ ಆ್ಯಪಿನ ಖಾತೆಗೆ ಇನ್ನೊಂದು ಫೋನಿನಿಂದ ಲಾಗಿನ್ ಆಗಬಾರದು. ಆ ಖಾತೆ ಒಂದು ಹೊತ್ತಿಗೆ ಒಂದೇ ಫೋನಿನಲ್ಲಿ ನಡೆಯುವಂಥದ್ದು.

ವೈದ್ಯರಿಗೆ ಹೋಗುವ ವರದಿಯಲ್ಲಿ ಮೊದಲು ನೋಡಬೇಕಾದ್ದು 70ರಿಂದ 180ರ ನಡುವೆ ಕಳೆದ ಹೊತ್ತು. ಸಾಮಾನ್ಯ ಗುರಿ 70 ಶೇಕಡಕ್ಕಿಂತ ಹೆಚ್ಚು. 70ಕ್ಕಿಂತ ಕೆಳಗೆ 4 ಶೇಕಡ ದಾಟಬಾರದು. ವಯಸ್ಸಾದವರಿಗೆ ಮೊದಲ ಗುರಿ ಸಡಿಲ, ಆದರೆ 70ರ ಕೆಳಗಿನ ಮಿತಿ ಇನ್ನೂ ಬಿಗಿ: 1 ಶೇಕಡ. ಸ್ಟಿರಾಯ್ಡ್ ರೋಗಿಗಳಲ್ಲಿ ಈ ಗೆರೆ ಹೇಳುವ ಕತೆಯೇ ಬೇರೆ. ಬೆಳಿಗ್ಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ನುಂಗಿದವರ ಬರಿಹೊಟ್ಟೆ ಶುಗರ್ 120 ಇದ್ದು, ಮಧ್ಯಾಹ್ನದ ಗಂಜಿಯ ನಂತರ ಏರತೊಡಗಿ, ಸಂಜೆ 5ಕ್ಕೆ 320 ಮುಟ್ಟಿ, ನಡುರಾತ್ರಿ ಹೊತ್ತಿಗೆ ತಾನಾಗಿ ಇಳಿಯಬಹುದು. ಬೆಳಿಗ್ಗೆ ಮಾತ್ರ ಬೆರಳು ಚುಚ್ಚುವ ಮನೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ಸ್ಟಿರಾಯ್ಡ್ ಡೆಕ್ಸಾಮೆಥಸೋನ್‌ನ ಪರಿಣಾಮ ಒಂದೂವರೆ ದಿನಕ್ಕೂ ಹೆಚ್ಚು ಉಳಿಯುವುದರಿಂದ ಬರಿಹೊಟ್ಟೆಯ ಅಂಕಿಯೂ ಏರಬಹುದು. ನಾಲ್ಕು ಹೊತ್ತು ಕುಡಿದ ಬೆಲ್ಲದ ಕಷಾಯವೂ ಗೆರೆಯಲ್ಲಿ ನಾಲ್ಕು ಗುಡ್ಡವಾಗಿ ನಿಲ್ಲುತ್ತದೆ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಹತೋಟಿ ತಪ್ಪಿದ ಶುಗರಿನ ಜೊತೆ ಸ್ಟಿರಾಯ್ಡ್ ಸೇರಿದವರನ್ನೇ. ಸಂಜೆಯ ಆ 320ನ್ನು ಹಗುರವಾಗಿ ಕಾಣಬಾರದು.

ಅಂಕಿಯ ಪಕ್ಕದ ಬಾಣವನ್ನೂ ಓದಿ. ನೇರ ಮೇಲಕ್ಕಿದ್ದರೆ ನಿಮಿಷಕ್ಕೆ 2ಕ್ಕಿಂತ ಹೆಚ್ಚು ಏರುತ್ತಿದೆ ಎಂದರ್ಥ. ಹಾಗೇ ಏರಿದರೆ ಈಗಿನ 180 ಅರ್ಧ ಗಂಟೆಯಲ್ಲಿ 240 ದಾಟುತ್ತದೆ.

ತಪ್ಪು ಅಂಕಿ ಬರುವ ಕಡೆಗಳು ಕೋವಿಡ್ ರೋಗಿಯಲ್ಲೇ ಹೆಚ್ಚು. ಚೀಪುವ ವಿಟಮಿನ್ ಸಿ ಮಾತ್ರೆ ಒಂದೊಂದೂ 500 ಮಿ.ಗ್ರಾಂ. ದಿನಕ್ಕೆ ಎರಡು ಮೂರು ತಿಂದರೆ ಆ ಅಂಶವೂ ಸೆನ್ಸರಿನಲ್ಲಿ ವಿದ್ಯುತ್ ಹುಟ್ಟಿಸಿ ಗ್ಲೂಕೋಸಿನ ಲೆಕ್ಕಕ್ಕೆ ಸೇರುತ್ತದೆ, ಅಂಕಿ ಸುಳ್ಳಾಗಿ ಏರುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅಪಾಯ. ಪ್ಯಾರಾಸಿಟಮಾಲ್‌ನಿಂದ ಈ ಸೆನ್ಸರಿಗೆ ಅಂಥ ತೊಂದರೆಯಿಲ್ಲ. ಆಕ್ಸಿಜನ್ ಏರಲೆಂದು ಕವುಚಿಯೋ ಒಂದೇ ಮಗ್ಗುಲಿಗೋ ಮಲಗಿದಾಗ ರಟ್ಟೆ ಅದುಮಿಕೊಂಡರೆ ಅಂಕಿ ಇದ್ದಕ್ಕಿದ್ದಂತೆ 60ರ ಕೆಳಗೆ ಬೀಳಬಹುದು. ಮಗ್ಗುಲು ಬದಲಿಸಿದರೆ ಮೇಲೇಳುತ್ತದೆ. ಬೆವರು, ನಡುಕ ಇದ್ದರೆ ಯೋಚಿಸದೆ ಮೂರು ಚಮಚ ಸಕ್ಕರೆ ಕೊಡಿ. ಲಕ್ಷಣವೇನೂ ಇಲ್ಲದಿದ್ದರೆ ಬೆರಳು ಚುಚ್ಚಿ ತಾಳೆ ನೋಡಿ. ಬೆರಳನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿಯೇ ಚುಚ್ಚಬೇಕು. ಹಣ್ಣು ಸುಲಿದ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಸಕ್ಕರೆ ಹೋಗುವುದಿಲ್ಲ. ಮೊದಲ ದಿನದ ಅಂಕಿಯನ್ನು ಪೂರ್ತಿ ನೆಚ್ಚಬೇಡಿ. ಬೆರಳಿನ ರಕ್ತಕ್ಕೆ ಹೋಲಿಸಿದಾಗ ಈ ಸೆನ್ಸರಿನ ಸರಾಸರಿ ವ್ಯತ್ಯಾಸ 11.4 ಶೇಕಡ ಎಂದು ದಾಖಲಾಗಿದೆ. ಶುಗರ್ ವೇಗವಾಗಿ ಏರಿಳಿಯುವಾಗ ಅಂತರ ಇನ್ನೂ ಹೆಚ್ಚು.

ಸೆನ್ಸರ್ ಕಾಣದ ಒಂದು ಸಂಗತಿಯಿದೆ: ಕೀಟೋನ್, ಅಂದರೆ ದೇಹ ಕೊಬ್ಬನ್ನು ಉರಿಸಿದಾಗ ರಕ್ತಕ್ಕೆ ಸೇರುವ ಆಮ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಜ್ವರ ಬಂದು ಊಟ ಬಿಟ್ಟರೆ ಶುಗರ್ 200 ಇರುವಾಗಲೇ ರಕ್ತ ಆಮ್ಲವಾಗಬಹುದು. ಗೆರೆ ಚೆನ್ನಾಗಿಯೇ ಕಾಣುತ್ತಿರುತ್ತದೆ; ರೋಗಿಗೆ ವಾಂತಿ, ಏದುಸಿರು. ಜ್ವರದ ದಿನಗಳಲ್ಲಿ ಆ ಮಾತ್ರೆ ನಿಲ್ಲಿಸುವ ಬಗ್ಗೆ ವೈದ್ಯರನ್ನು ಮೊದಲ ಕರೆಯಲ್ಲೇ ಕೇಳಿ. ರೀಡರಿನಲ್ಲಿ ಕೀಟೋನ್ ಸ್ಟ್ರಿಪ್ ಹಾಕಿ ನೋಡುವ ಅನುಕೂಲವಿದೆ, ಅದಕ್ಕೆ ದುಡ್ಡು ಕೊಟ್ಟವರು ಬಳಸಲಿ. ಕೀಟೋನ್ ಅಂಕಿ 1.5 (ಮಿಲಿಮೋಲ್/ಲೀಟರ್) ದಾಟಿದರೆ ವೈದ್ಯರಿಗೆ ತಕ್ಷಣ ಫೋನ್, 3 ಮುಟ್ಟಿದರೆ ಆಸ್ಪತ್ರೆ.

ಕೋವಿಡ್‌ಗೆ ಡೆಕ್ಸಾಮೆಥಸೋನ್ ಕೊಡುವುದು ಹೆಚ್ಚೆಂದರೆ 10 ದಿನ. ಶುರುವಿನಲ್ಲೇ ಹಾಕಿದ ಸೆನ್ಸರ್ 14 ದಿನ. ಉಳಿದ ನಾಲ್ಕು ದಿನವೇ ಇದರ ಅತ್ಯಂತ ಬೆಲೆಯುಳ್ಳ ಭಾಗ ಎನ್ನುತ್ತೇವೆ. ಸ್ಟಿರಾಯ್ಡ್ ನಿಂತ ಮೇಲೂ ಇನ್ಸುಲಿನ್ ಹಳೆಯ ಯೂನಿಟ್ಟಿನಲ್ಲೇ ಮುಂದುವರಿದರೆ ಗೆರೆ ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ. 100ರ ಹತ್ತಿರ ಬಂದ ಮೊದಲ ಬೆಳಿಗ್ಗೆಯೇ ವರದಿ ಕಳಿಸಿ ಎಷ್ಟು ಯೂನಿಟ್ ಇಳಿಸಬೇಕೆಂದು ಕೇಳಿ. 14ನೇ ದಿನ ಸೆನ್ಸರ್ ಮುಗಿಯುವ ಮುನ್ನ ಕೊನೆಯ ಸ್ಕ್ಯಾನ್ ಮರೆಯಬೇಡಿ.