ಎಂಜಿನ್ ಬದಲಿಸಿದ ಅಂಬಾಸಿಡರ್‌ಗೆ ಕಲಬುರಗಿಯಲ್ಲಿ ರೇಡಿಯೇಟರ್ ಕೆಲಸ: ಜಾಳಿ ಕೊಡಿ, ಫ್ಯಾನ್ ಕೊಡಬೇಡಿ

ಹುಮನಾಬಾದ್ ರಸ್ತೆಯಲ್ಲಿ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಕಡೆ ಲಾರಿ, ಟ್ರ್ಯಾಕ್ಟರ್‌ಗಳ ರೇಡಿಯೇಟರ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯ ಕೆಲಸದ ಬಗ್ಗೆ ಈ ರಿವ್ಯೂ. ಕೊಟ್ಟಿದ್ದು 1489 ಸಿಸಿ ಬಿಎಂಸಿ ಎಂಜಿನ್ ಇಳಿಸಿ 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್ ಕೂರಿಸಿದ ಅಂಬಾಸಿಡರ್. ಹಿತ್ತಾಳೆ ರೇಡಿಯೇಟರ್‌ಗೆ ಹೊಸ ಜಾಳಿ (ಎರಡು ಟ್ಯಾಂಕುಗಳ ನಡುವಿನ ಕೊಳವೆ, ಪಟ್ಟಿಗಳ ಭಾಗ) ಹಾಕಬೇಕು, ಎಲೆಕ್ಟ್ರಿಕ್ ಫ್ಯಾನ್ ಕೂರಿಸಬೇಕು, ಹೋಸ್ ಜೋಡಿಸಬೇಕು. ಬೆಸುಗೆ ಕೆಲಸ ಅಪ್ಪಟವಾಗಿ ಬಂತು. ಫ್ಯಾನ್ ಮತ್ತು ವಯರಿಂಗ್ ಪೂರ್ತಿ ಬಿಚ್ಚಿ ಮತ್ತೆ ಮಾಡಬೇಕಾಯಿತು.

ಮೊದಲು ಲೆಕ್ಕ ನೋಡಿ. ಪೆಟ್ರೋಲ್ ಎಂಜಿನ್ ಚಕ್ರಕ್ಕೆ ಎಷ್ಟು ಶಕ್ತಿ ಕೊಡುತ್ತದೋ ಹೆಚ್ಚೂಕಮ್ಮಿ ಅಷ್ಟೇ ಶಾಖವನ್ನು ನೀರಿಗೂ ಕೊಡುತ್ತದೆ. ಹಳೆ ಎಂಜಿನ್ ಸುಮಾರು 50 ಎಚ್‌ಪಿ, ಇಸುಜು ಸುಮಾರು 75. ಅಂದರೆ ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ ರೇಡಿಯೇಟರ್ ಹೊರಹಾಕಬೇಕಾದ ಶಾಖ ಒಂದೂವರೆ ಪಟ್ಟು. ಅದರ ಮೇಲೆ ನಮ್ಮ ಬಿಸಿಲು. ಹೊರಗೆ 28 ಡಿಗ್ರಿ ಇದ್ದು ನೀರು 90 ಡಿಗ್ರಿ ಇದ್ದರೆ ಮಧ್ಯದ ಅಂತರ 62. ಮೇ ತಿಂಗಳಲ್ಲಿ ಕಲಬುರಗಿ 43 ಮುಟ್ಟಿದಾಗ ಅದೇ ಅಂತರ 47ಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಸಲೀಸಾಗಿ ಓಡಿದ ರೇಡಿಯೇಟರ್ ಇಲ್ಲಿ ಮುಕ್ಕಾಲು ಭಾಗ ಕೆಲಸ ಮಾತ್ರ ಮಾಡುತ್ತದೆ. ಅದಕ್ಕೇ ಬೇರೆ ಊರಿನವರು ಯೂಟ್ಯೂಬ್‌ನಲ್ಲಿ ಕೊಡುವ "ಹಳೆ ರೇಡಿಯೇಟರ್ರೇ ಸಾಕು" ಅನ್ನೋ ಸರ್ಟಿಫಿಕೇಟು ಇಲ್ಲಿ ಚಲಾವಣೆ ಆಗುವುದಿಲ್ಲ.

ಅಂಗಡಿಯವರ ನಿಜವಾದ ಕೈಚಳಕ ಜಾಳಿ ಬದಲಿಸುವುದರಲ್ಲಿದೆ. ಮೇಲಿನ, ಕೆಳಗಿನ ಟ್ಯಾಂಕನ್ನು ಬತ್ತಿಯಿಂದ ಕಾಯಿಸಿ ಬಿಡಿಸುತ್ತಾರೆ, ಅಂಚಿನ ಹಳೆ ರಾಂಗಾ (ಬೆಸುಗೆಯ ಲೋಹ) ಪೂರ್ತಿ ಒರೆಸಿ ತೆಗೆಯುತ್ತಾರೆ, ಹಿತ್ತಾಳೆ ಹೊಳೆಯುವವರೆಗೂ ಉಜ್ಜುತ್ತಾರೆ, ಆಮೇಲೇ ಹೊಸ ಬೆಸುಗೆ. ಬಾಯಿಗಳಿಗೆ ಬಿರಡೆ ಹೊಡೆದು, ಗಾಳಿ ತುಂಬಿ, ನೀರಿನ ಹೌದಿನಲ್ಲಿ ಮುಳುಗಿಸಿದಾಗ ಕೆಳಟ್ಯಾಂಕಿನ ಮೂಲೆಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಯಾರೂ ಹೇಳುವ ಮುಂಚೆಯೇ ಮಿಸ್ತ್ರಿ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಹೊರಗೆ ತೆಗೆದರು. ಈ ಪರೀಕ್ಷೆ ನಿಮ್ಮ ಕಣ್ಣೆದುರೇ ಆಗಲಿ. ಒತ್ತಡ ನೀವು ಹಾಕಲಿರುವ ರೇಡಿಯೇಟರ್ ಕ್ಯಾಪ್ ತಡೆಯುವಷ್ಟೇ ಇರಲಿ; ಕಂಪ್ರೆಸರ್ ಸೀದಾ ಬಿಟ್ಟರೆ ಟ್ಯಾಂಕ್ ಉಬ್ಬುತ್ತದೆ.

ಆರ್ಡರ್ ಕೊಡುವಾಗ ಎರಡು ಸಾಲು ಕೊಳವೆಯ ಜಾಗದಲ್ಲಿ ಮೂರು ಸಾಲಿನ ಜಾಳಿ ಕೇಳಿ. "ನಾಲ್ಕು ಸಾಲು ಹಾಕ್ತೀವ್ರಿ, ಐಸ್ ಆಗ್ತದ" ಅಂತ ಅವರು ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ಮುಂದಿನ ಸಾಲುಗಳನ್ನು ದಾಟಿ ಬರುವಷ್ಟರಲ್ಲಿ ಗಾಳಿ ಕಾದಿರುತ್ತದೆ, ನಾಲ್ಕನೇ ಸಾಲಿನ ಲಾಭ ಅಲ್ಪ, ಫ್ಯಾನಿಗೆ ಹೊರೆ ಮಾತ್ರ ಹೆಚ್ಚು. ಕೊಳವೆಗಳ ನಡುವಿನ ತೆಳು ಪಟ್ಟಿ ಇಂಚಿಗೆ 10ರಿಂದ 12 ಇದ್ದರೆ ಸಾಕು. ಇನ್ನೂ ಒತ್ತಾಗಿ ಹಾಕಿಸಿದರೆ ತೊಗರಿ ಸುಗ್ಗಿಯಲ್ಲಿ ಪಜೀತಿ: ರಸ್ತೆ ಮೇಲೆ ರಾಶಿ ಹಾಕಿದ ಕಡೆ ಹಾದುಹೋದರೆ ಹೊಟ್ಟು, ಧೂಳು ಎಲ್ಲ ಜಾಳಿಗೆ ಬಂದು ಕೂರುತ್ತದೆ. ಬಣ್ಣ ತೆಳುವಾದ ಕಪ್ಪು ಒಂದೇ ಕೋಟ್ ಸಾಕು. ಇವರು ಟ್ರ್ಯಾಕ್ಟರ್‌ಗೆ ಬಳಿದಂತೆ ದಪ್ಪ ಎನಾಮಲ್ ಬಳಿಯುತ್ತಾರೆ, ಶಾಖ ಹೊರಗೆ ಹೋಗಲು ಅದೇ ಅಡ್ಡ. ಬೆಸುಗೆಗೆ ಹಚ್ಚಿದ ಆಸಿಡ್ ಒಳಗೆ ಉಳಿಯದ ಹಾಗೆ ಅಡುಗೆ ಸೋಡಾ ಕಲಸಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಎರಡು ಸಲ ತೊಳೆಯಿರಿ. ಇದನ್ನು ಅವರು ತಾವಾಗಿ ಮಾಡುವುದಿಲ್ಲ.

ಈಗ ಫ್ಯಾನ್ ವಿಷಯ. ಹೊಸ ಎಂಜಿನ್ನಿನ ವಾಟರ್ ಪಂಪಿನ ಮೂಗು ಮುಂದೆ ಬಂದು ಬೆಲ್ಟ್ ಫ್ಯಾನಿಗೆ ಜಾಗ ಉಳಿಯದಿದ್ದಾಗ ಎಲೆಕ್ಟ್ರಿಕ್ ಫ್ಯಾನ್ ಅನಿವಾರ್ಯ. ಅಂಗಡಿಯವರು 12 ಇಂಚಿನ ಫ್ಯಾನನ್ನು ಗ್ರಿಲ್ ಕಡೆಯಿಂದ ತಂದು, ಜಾಳಿಯ ನಡುವೆಯೇ ಪ್ಲಾಸ್ಟಿಕ್ ಟೈ ತೂರಿಸಿ ಬಿಗಿದಿದ್ದರು. ಇದು ಎರಡು ರೀತಿಯಲ್ಲಿ ತಪ್ಪು. ಗಾಡಿ ನಡುಗಿದಂತೆಲ್ಲ ಟೈ ಕೊಳವೆಯನ್ನು ಸವೆಸುತ್ತದೆ, ಹೊಸ ಜಾಳಿ ಅಲ್ಲೇ ಸೋರುತ್ತದೆ. ಮುಂದೆ ಕೂತ ಫ್ಯಾನು ಹೆದ್ದಾರಿಯಲ್ಲಿ ತಾನಾಗಿ ಬರುವ ಗಾಳಿಗೂ ಅಡ್ಡ. ಸರಿಯಾದ ಕ್ರಮವೆಂದರೆ ಎಂಜಿನ್ ಕಡೆಯಿಂದ ಎಳೆಯುವ ಫ್ಯಾನ್, ಜಾಳಿಯ ಪೂರ್ತಿ ಅಗಲ ಮುಚ್ಚುವ ತಗಡಿನ ಶ್ರೌಡ್, ಜಾಳಿಗೂ ರೆಕ್ಕೆಗೂ ನಡುವೆ 20 ಮಿ.ಮೀ. ಅಂತರ, ಶ್ರೌಡ್ ರೇಡಿಯೇಟರ್‌ನ ಪಕ್ಕದ ಪಟ್ಟಿಗೆ ಬೋಲ್ಟ್. ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿನ ದುಂಡನೆಯ ಭಾಗವನ್ನು ಮಾತ್ರ ತಂಪು ಮಾಡುತ್ತದೆ, ನಾಲ್ಕು ಮೂಲೆಯ ಜಾಳಿ ದಂಡ. ರೇಡಿಯೇಟರ್ ಸುತ್ತ ಬಾಡಿಗೂ ಫ್ರೇಮಿಗೂ ಮಧ್ಯೆ ಸಂದು ಬಿಟ್ಟರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ. ರಬ್ಬರ್ ಪಟ್ಟಿ ಹಾಕಿ ಮುಚ್ಚಿ. ಜಾಳಿ ದೊಡ್ಡದು ಮಾಡುವ ಮುಂಚೆ ಇದನ್ನು ಮಾಡಿದರೆ ಎಷ್ಟೋ ಗಾಡಿಗಳ ಹೀಟಿಂಗ್ ಇಲ್ಲೇ ಮುಗಿಯುತ್ತದೆ.

ವಯರಿಂಗ್‌ನಲ್ಲಿ ಡ್ಯಾಶ್‌ಬೋರ್ಡಿನ ಸಾಧಾರಣ ಸ್ವಿಚ್ಚಿನಿಂದ ಸೀದಾ ಫ್ಯಾನಿಗೆ ಕರೆಂಟ್ ಕೊಟ್ಟಿದ್ದರು. ಇಂಥ ಫ್ಯಾನ್ ಓಡುವಾಗ 10 ಆಂಪಿಯರ್ ಮೇಲೆ ಎಳೆಯುತ್ತದೆ, ಶುರುವಾಗುವಾಗ ಅದಕ್ಕೂ ಹೆಚ್ಚು. ಸ್ವಿಚ್ ಕಾದು ಕರಗುವುದು ಖಂಡಿತ. ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್, 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), 4 ಚದರ ಮಿ.ಮೀ. ತಂತಿ ಹಾಕಿ, ಅರ್ಥ್ ಕೂರುವ ಜಾಗದ ಬಣ್ಣ ಕೆರೆಯಿರಿ. ಥರ್ಮೋ ಸ್ವಿಚ್ 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವುದನ್ನು ರೇಡಿಯೇಟರ್ ಮೇಲ್ಭಾಗದಲ್ಲಿ ಕೂರಿಸಿ. ಥರ್ಮೋಸ್ಟಾಟ್ (ನೀರು ಕಾದ ಮೇಲಷ್ಟೇ ರೇಡಿಯೇಟರ್ ದಾರಿ ತೆರೆಯುವ ಕವಾಟ) 82ರದ್ದಾಗಿದ್ದು ಫ್ಯಾನ್ ಸ್ವಿಚ್ 80ಕ್ಕೆ ಆಫ್ ಆಗುವಂಥದ್ದಾದರೆ ಫ್ಯಾನ್ ನಿಲ್ಲುವುದೇ ಇಲ್ಲ. ಹಳೆ ಡೈನಮೋ ಉಳಿಸಿಕೊಂಡವರು ಎಲೆಕ್ಟ್ರಿಕ್ ಫ್ಯಾನಿನ ಆಸೆ ಬಿಡಿ. ರಾತ್ರಿ ಹೆಡ್‌ಲೈಟ್ ಜೊತೆ ಅದು ತಾಳುವುದಿಲ್ಲ, ಆಲ್ಟರ್ನೇಟರ್ ಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಜಾಳಿಯ ಮುಂದೆ ಒಂದು ಕಾಗದ ಹಿಡಿದು ನೋಡಿ, ಅಂಟಿಕೊಳ್ಳಬೇಕು.

ಥರ್ಮೋಸ್ಟಾಟ್ ಕಿತ್ತು ಒಗೆಯಿರಿ ಎಂಬ ಸಲಹೆ ಈ ಅಂಗಡಿಯಲ್ಲೂ ಸಿಕ್ಕಿತು. ಬೀದರ್‌ನಿಂದ ಯಾದಗಿರಿವರೆಗೆ ಮಿಸ್ತ್ರಿಗಳು ಕೊಡುವ ಸಲಹೆ ಇದೇ. ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಥರ್ಮೋಸ್ಟಾಟೇ ಮಾಡುವ ಎಂಜಿನ್ನಿನಲ್ಲಿ ಅದನ್ನು ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ವಾಪಸ್ ಹೋಗುತ್ತದೆ, ಬಿಸಿಲಲ್ಲಿ ಹೀಟಿಂಗ್ ಇನ್ನೂ ಜಾಸ್ತಿ. ಹೊಸ 82 ಡಿಗ್ರಿಯದ್ದು ತಂದು, ಪಾತ್ರೆಯಲ್ಲಿ ಕುದಿಸಿ ತೆರೆಯುವುದನ್ನು ನೋಡಿ, ಅದರ ತಟ್ಟೆಗೆ 3 ಮಿ.ಮೀ. ತೂತು ಹೊಡೆದು ಆ ತೂತು ಮೇಲೆ ಬರುವಂತೆ ಕೂರಿಸಿ. ಸಿಕ್ಕ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ.

ಕ್ಯಾಪ್ ಹೆಚ್ಚು ಒತ್ತಡದ್ದು ಇದ್ದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ನಮ್ಮೂರಿನ ಎತ್ತರ ಸುಮಾರು 450 ಮೀಟರ್, ನೀರು 98.5ರ ಹತ್ತಿರ ಕುದಿಯುತ್ತದೆ. 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಹಾಕಿದರೆ ಕುದಿ ಸುಮಾರು 110ಕ್ಕೆ, 13 ಪಿಎಸ್‌ಐ ಹಾಕಿದರೆ 118ಕ್ಕೆ ಹೋಗುತ್ತದೆ. ಹೊಸ ಜಾಳಿ ತಡೆದರೂ ಹಳೆ ಟ್ಯಾಂಕಿನ ಅಂಚು ತಡೆಯಬೇಕಲ್ಲ? ಹಳೆ ಟ್ಯಾಂಕಿಗೆ 7 ಸಾಕು. ಮೂತಿಯ ಆಳಕ್ಕೆ ಕ್ಯಾಪ್ ಹೊಂದಬೇಕು. ಆಳದ ಮೂತಿಗೆ ಗಿಡ್ಡ ಕ್ಯಾಪ್ ಹಾಕಿದರೆ ಸೀಲ್ ಕೂರುವುದೇ ಇಲ್ಲ, ಒತ್ತಡ ಸೊನ್ನೆ.

ನೀರು: ಬೋರ್‌ವೆಲ್ ನೀರು ಹಾಕಲೇಬೇಡಿ. ಶಹಾಬಾದ್ ಫರ್ಸಿ ಸಿಗುವ, ಸೇಡಂ, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ನಡೆಯುವ ಸುಣ್ಣಕಲ್ಲಿನ ನೆಲ ಇದು. ಆ ನೀರಿನ ಸುಣ್ಣ ಕೊಳವೆಯೊಳಗೆ ಕಿಲುಬಿನಂತೆ ಕಟ್ಟುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ. ಇಲ್ಲಿ ಹಿಮ ಗಟ್ಟುವ ಭಯವಿಲ್ಲ, ಅರ್ಧಕ್ಕರ್ಧ ಕೂಲೆಂಟ್ ಹಾಕಿದರೆ ಶಾಖ ಒಯ್ಯುವ ಶಕ್ತಿ ಕುಗ್ಗುತ್ತದೆ ಅಷ್ಟೆ. ಮೂರರಲ್ಲಿ ಒಂದು ಪಾಲು ಸಾಕು: ಒಟ್ಟು 8 ಲೀಟರ್ ಹಿಡಿದರೆ 2.7 ಲೀಟರ್ ಕೂಲೆಂಟ್, ಉಳಿದದ್ದು ನೀರು. ಸೀಸದ ಬೆಸುಗೆಯ ಹಿತ್ತಾಳೆಗೆ ಹಳೆ ಸಿಲಿಕೇಟ್ ಮಾದರಿಯದ್ದೇ ಕ್ಷೇಮ. ಬಣ್ಣ ನಂಬಬೇಡಿ, ಡಬ್ಬಿಯ ಮೇಲೆ ಓದಿ. ಗುಜರಿಯಿಂದ ಬಂದ ಎಂಜಿನ್ ಆದರೆ ಬ್ಲಾಕಿನ ಡ್ರೈನ್ ನಟ್ಟು, ವೆಲ್ಚ್ ಪ್ಲಗ್ (ಬ್ಲಾಕಿನ ತೂತು ಮುಚ್ಚುವ ತಗಡಿನ ಬಿಲ್ಲೆ) ತೆಗೆದು ತೊಳೆಯಿರಿ. ಹಿಂಬದಿಯ ಸಿಲಿಂಡರ್ ಸುತ್ತ ತುಕ್ಕಿನ ಕೆಸರು ಕೂತಿರುತ್ತದೆ. ಮೊದಲ ಕೆಲವು ಓಟಗಳಿಗೆ ಮೇಲಿನ ಹೋಸಿನ ಬಾಯಿಗೆ ನೈಲಾನ್ ಕಾಲುಚೀಲದ ತುಂಡು ಕಟ್ಟಿ, ಉಳಿದ ಕಚರಾ ಹೊಸ ಜಾಳಿಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಮರೆಯದೆ ತೆಗೆಯಿರಿ.

ಹೋಸ್ ಜೋಡಣೆ ಪರವಾಗಿಲ್ಲ. ಆದರೆ ಕೆಳಗಿನ ಹೋಸಿನಲ್ಲಿ ಸ್ಪ್ರಿಂಗ್ ಹಾಕಿರಲಿಲ್ಲ. ಅದು ಪಂಪ್ ಎಳೆಯುವ ಕಡೆ; ವೇಗದಲ್ಲಿ ಹೋಸ್ ಒಳಕ್ಕೆ ಅಪ್ಪಚ್ಚಿಯಾಗಿ ನೀರು ನಿಲ್ಲುತ್ತದೆ. ಜಗತ್ ಸರ್ಕಲ್ ಟ್ರಾಫಿಕ್ಕಿನಲ್ಲಿ ತಣ್ಣಗಿದ್ದ ಗಾಡಿ ಜೇವರ್ಗಿ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ.ಗೆ ಏರಿದಾಗ ಕಾದರೆ ಮೊದಲು ಇದನ್ನೇ ನೋಡಿ, ಆಮೇಲೆ ಜಾಳಿ. ನಿಂತಾಗ ಕಾದು ಓಡಿದಾಗ ತಣ್ಣಗಾದರೆ ತಪ್ಪು ಫ್ಯಾನಿನದು.

ನೀರು ತುಂಬುವಾಗ ಮುಂದಿನ ಚಕ್ರ ಎತ್ತರದಲ್ಲಿರಲಿ. ಹೊಸ ಎಂಜಿನ್ನಿನ ಥರ್ಮೋಸ್ಟಾಟ್ ಮನೆ ರೇಡಿಯೇಟರ್ ಮೂತಿಗಿಂತ ಮೇಲಿದ್ದರೆ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆಗ ಮೇಲಿನ ಹೋಸಿನ ನಡುವೆ ತುಂಬುವ ಮೂತಿ ಕೂರಿಸುವುದೇ ಪರಿಹಾರ. ಡ್ಯಾಶ್ ಮೀಟರನ್ನೂ ನಂಬಬೇಡಿ. ಹಳೆ ಮೀಟರಿಗೆ ಹೊಸ ಎಂಜಿನ್ನಿನ ಶಾಖ ಅಳೆಯುವ ಸೆಂಡರ್ ಹೊಂದುವುದಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯಿರಿ. ಹೊಳೆಯುವ ಹಿತ್ತಾಳೆ ಮೇಲೆ ಅದು ಕಮ್ಮಿ ತೋರಿಸುತ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಗಾಡಿ ಕಾದಿದ್ದು ಮೇಲಿನ, ಕೆಳಗಿನ ಟ್ಯಾಂಕಿನ ನಡುವೆ ವ್ಯತ್ಯಾಸ ಎರಡು ಮೂರು ಡಿಗ್ರಿ ಮಾತ್ರ ಇದ್ದರೆ ಗಾಳಿ ಸಾಲದು. 20 ಇದ್ದರೆ ನೀರು ಹರಿಯುತ್ತಿಲ್ಲ.

ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಇದು ಕೂಲಿಂಗ್ ವಿಷಯ ಅಲ್ಲ, ಆದರೂ ಕೆಎ-32 (ಕಲಬುರಗಿ) ಗಾಡಿಗಳಲ್ಲಿ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಅಂಗಡಿಗೆ ಬೇಸಿಗೆಗೆ ಮುಂಚೆಯೇ ಹೋಗಿ. ಬಿಸಿಲು ಏರಿದರೆ ಲಾರಿಗಳ ಸಾಲು ಮುಂದಿರುತ್ತದೆ, ಕಾರು ಮೂಲೆಗೆ ಬೀಳುತ್ತದೆ. ಹಳೆ ಜಾಳಿಯ ತಾಮ್ರ, ಹಿತ್ತಾಳೆಗೂ ಗುಜರಿ ಬೆಲೆ ಇದೆ. ಅದನ್ನು ಬಿಲ್ಲಿನಲ್ಲಿ ಕಳೆಯಲು ಗಾಡಿ ಬಿಡುವಾಗಲೇ ಮಾತಾಡಿಕೊಳ್ಳಿ. ಆಮೇಲೆ ಕೇಳಿದರೆ "ಕಚರಾದಾಗ ಹೋಯ್ತ್ರಿ" ಅಂತಾರೆ.