ಸಾವಿನ ಮನೆ ಶುಚಿ ಮಾಡೋಕೆ: ಊರಿನವರೋ, ಬೆಂಗಳೂರಿನ ತಂಡವೋ?

ದಾವಣಗೆರೆಯ ವಿನೋಬನಗರದಲ್ಲಿ ಒಂಟಿಯಾಗಿದ್ದ ನಮ್ಮ ದೊಡ್ಡಪ್ಪ ತೀರಿಕೊಂಡದ್ದು ಗೊತ್ತಾಗಿದ್ದು ಐದನೇ ದಿನ, ಪಕ್ಕದ ಮನೆಯವರು ವಾಸನೆ ಅಂದಾಗ. ಪೊಲೀಸರು ಪಂಚನಾಮೆ ಮುಗಿಸಿ ಬೀಗದ ಕೈ ಕೊಟ್ಟರು. ಅದಕ್ಕೂ ಮುಂಚೆ ಏನನ್ನೂ ಮುಟ್ಟಬೇಡಿ.

ಊರಿನ ಕ್ಲೀನಿಂಗ್‌ನವರು ಅವತ್ತೇ ಬರ್ತಾರೆ, ಖರ್ಚೂ ಕಮ್ಮಿ. ಆದರೆ ನಮ್ಮಲ್ಲಿಗೆ ಬಂದವರ ಕೈಲಿದ್ದದ್ದು ಫಿನಾಯಿಲ್, ಬ್ಲೀಚಿಂಗ್ ಪೌಡರ್, ಆಸಿಡ್. ಬ್ಲೀಚಿಂಗ್ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಕುತ್ತು. ಸದ್ಯ, ಬಾಟಲಿ ಮುಚ್ಚಳ ತೆಗೆಯೋ ಮುಂಚೆ ತಡೆದೆವು. ಇನ್ನು ಫಿನಾಯಿಲ್ ವಾಸನೆಯನ್ನು ಮರೆಸುತ್ತೆ ಅಷ್ಟೇ. ಮಂಚದ ಕೆಳಗಿನ ಟೈಲ್ಸ್ ಎಬ್ಬಿಸಿದಾಗ ಒಳಗಿನ ಸಿಮೆಂಟು ಕಪ್ಪಗೆ, ಒದ್ದೆಯಾಗಿ ಅಂಟುತ್ತಿತ್ತು.

ಬಯೋಹಜಾರ್ಡ್ (ರಕ್ತ, ದೇಹದ ದ್ರವದಂಥ ಸೋಂಕು ತರೋ ಕೊಳೆ) ತೆಗೆಯೋ ಕೆಲಸ ಬಲ್ಲ ತಂಡ ಬೆಂಗಳೂರಿಂದ ಸುಮಾರು 260 ಕಿ.ಮೀ. ಬರಬೇಕು, ದುಬಾರಿ, ಕಾಯಬೇಕು ಕೂಡ. ಆದರೆ ಅವರು ಮೈತುಂಬಾ ಸೂಟು, ರೆಸ್ಪಿರೇಟರ್ (ಗಾಳಿ ಶೋಧಿಸೋ ಮುಖವಾಡ) ಹಾಕ್ಕೊಂಡು ಮೊದಲು ದೇಹದ ದ್ರವದಿಂದ ನೆನೆದ ಹಾಸಿಗೆ ಕತ್ತರಿಸಿ ಚೀಲಕ್ಕೆ ಕಟ್ಟುತ್ತಾರೆ. ಆಮೇಲೆ ಕೊಳೆಯನ್ನು ಒಡೆದು ಕರಗಿಸೋ ಎಂಜೈಮ್ ದ್ರಾವಣ, ಆಮೇಲೆ ಸೋಂಕುನಾಶಕ. ಉಳಿದ ವಾಸನೆ ಕಳೆಯೋ ಓಜೋನ್ ಯಂತ್ರ ಕಟ್ಟಕಡೆಗೆ, ಮನೇಲಿ ಯಾರೂ ಇಲ್ಲದಾಗ. ಮೊದಲೇ ಓಜೋನ್ ಅನ್ನೋರನ್ನು ನಂಬಬೇಡಿ. ಕಸ ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಿ. ಓಣಿಯ ಕಂಟೇನರ್‌ಗೆ ಅಂದರೆ ಬೇಡ.

ಒಂದೇ ದಿನದೊಳಗೆ ಗೊತ್ತಾಗಿ, ನೆಲ ಕಲೆಯಾಗಿರದಿದ್ದರೆ ಊರಿನವರೇ ಸಾಕು, ಗ್ಲೌಸ್ ಕೊಡಿಸಿ. ಹಾಸಿಗೆ ನೆನೆದಿದ್ದರೆ ಚೌಕಾಸಿ ಬಿಟ್ಟು ತಂಡಕ್ಕೆ ಫೋನ್ ಮಾಡಿ.